ಅವ್ವನ ಲೂಡೋ ಕಾಯತೊಡಗಿದ್ದು

ಮೊಬೈಲ್ ಆಟಗಳನ್ನು ಬೈದು ನಾನು ಜಮಖಂಡಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವಳು. ಆ ಪಾರಿತೋಷಕ ಬನಹಟ್ಟಿಯ ನಮ್ಮ ಮನೆಯ ಟಿವಿ ಪಕ್ಕದಲ್ಲಿದೆ. ಅದರ ಕೆಳಗೇ ಕೂತು ಅವ್ವ ದಿನಾ ಸಂಜೆ ನಾಲ್ಕಕ್ಕೆ ಮೊಬೈಲಿನಲ್ಲಿ ಲೂಡೋ ಆಡುತ್ತಿದ್ದಳು.

ಎದುರಾಳಿ ಬೀಳಗಿಯಲ್ಲಿದ್ದ ನನ್ನ ಅಕ್ಕ. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬರಬೇಕಿತ್ತು. ಏಳು ತಿಂಗಳು ತುಂಬುವಾಗ ಡಾಕ್ಟರು, ಬಸ್ಸು ಹತ್ತಬೇಡ, ಮಂಚ ಬಿಟ್ಟು ಏಳಬೇಡ ಅಂದರು. ಅವ್ವನಿಗೂ ಮನೆಯಲ್ಲಿ ಸೀರೆ ನೇಯುವ ಕರೆಂಟ್ ಮಗ್ಗ ನಿಲ್ಲಿಸಿ ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಕೂರುವ ಹಾಗಿರಲಿಲ್ಲ. ಉಳಿದದ್ದು ಚಹಾದ ಹೊತ್ತಿನ ಆ ಅರ್ಧ ತಾಸು.

"ಅದಕ್ಕ ಆಟ ಯಾಕ ಬೇಕು? ಫೋನ್ ಹಚ್ಚಿ ಮಾತಾಡು," ಎಂದು ನಾನು ವಾದ ಹೂಡಿದೆ.

"ಫೋನ್ ಹಚ್ಚಿ ಹೆಂಗದಿ ಅಂದ್ರ, ಛಲೋ ಅದೀನಿ ಅಂತಾಳ. ಆತು. ಆಜೂಬಾಜೂ ಅತ್ತಿ, ನಾದಿನಿ ಇರ್ತಾರ. ಅಕಿ ಕಾಯಿ ಹೊಡದಾಗ ನೋಡು, ಸಿಟ್ಟಿನಾಗ ಖರೆ ಬಾಯಿಗೆ ಬರ್ತದ."

ಸುಳ್ಳಲ್ಲ. "ಮೊದಲ ನಿದ್ದಿ ಇಲ್ಲ, ಅದರಾಗ ನೀ ಬ್ಯಾರೆ ನನ್ನ ಕಾಯಿ ಹೊಡೀತಿ!" ಎಂದು ಅಕ್ಕ ಆಟದ ಮೈಕಿನಲ್ಲಿ ಚೀರಿದ್ದು ನಾನೂ ಕೇಳಿದ್ದೆ. ಅವಳಿಗೆ ನಿದ್ದೆ ಬರುತ್ತಿಲ್ಲವೆಂಬುದು ಅವ್ವನಿಗೆ ತಿಳಿದದ್ದೇ ಹಾಗೆ.

ತೊಂದರೆ ಅವ್ವನ ಕೈಯದು. ಕರೆಂಟ್ ಹೋದರೆ ಮಗ್ಗದವರು ಮೊದಲು ಸ್ವಿಚ್ ಆಫ್ ಮಾಡುತ್ತಾರೆ. ಇಲ್ಲದಿದ್ದರೆ ಕರೆಂಟ್ ಬಂದ ಕೂಡಲೇ ಮಗ್ಗ ತಾನೇ ಹೊರಟು ಎಳೆ ಹರಿದು ಹಾಕುತ್ತದೆ. ಅವ್ವ ಮಗ್ಗ, ಫ್ಯಾನು, ಟಿವಿ ಎಲ್ಲವನ್ನೂ ಬಂದ್ ಮಾಡಿ, ಅದೇ ಓಘದಲ್ಲಿ ಲೂಡೋವನ್ನೂ ಬಂದ್ ಮಾಡುತ್ತಿದ್ದಳು. ಆಗ ಅಕ್ಕನ ಮೊಬೈಲಿನಲ್ಲಿ "ಎದುರಾಳಿ ಆಟ ಬಿಟ್ಟು ಹೋದರು" ಎಂದು ಮೂಡುತ್ತಿತ್ತು. ಮೂರನೆಯ ಸಲ ಅಕ್ಕ ಸಿಡಿದಳು. "ನಾ ಗೆಲ್ಲಾಕತ್ತೀನಿ ಅಂದ ಕೂಡಲೇ ಎದ್ದು ಹೋಗ್ತಿ. ಮಂಚದ ಮ್ಯಾಲೆ ಬಿದ್ದಾಕಿ ಜೋಡಿ ಇಂಥಾ ಆಟ ಆಡ್ತಿಯೇನವ್ವಾ?" ಆಮೇಲೆ ನಾಲ್ಕು ದಿನ ಅವಳು ಆಟಕ್ಕೆ ಬರಲಿಲ್ಲ. ಫೋನಿನಲ್ಲಿ ಅದೇ "ಛಲೋ ಅದೀನಿ". ಅವ್ವ ಆಟದ ಮಾತು ತೆಗೆದರೆ ಅಕ್ಕ ಫೋನ್ ಇಟ್ಟುಬಿಡುತ್ತಿದ್ದಳು. ಅವ್ವ ಚಹಾ ಕುಡಿಯುವುದನ್ನೂ ಮರೆಯತೊಡಗಿದಳು.

ಅಷ್ಟರಲ್ಲಿ ಆಟದ ಹೊಸ ಅಪ್‌ಡೇಟ್ ಬಂತು. ನಾನು ಅವ್ವನಿಗೆ ಓದಿ ಹೇಳಿದೆ: ಅಕ್ಷರಗಳು ದೊಡ್ಡವಾಗಿವೆ, ಆಟದ ನಡುವೆ ಜಾಹೀರಾತು ಬರುವುದಿಲ್ಲ, ನಡುವೆ ಹೊರಬಿದ್ದರೆ ಹತ್ತು ನಿಮಿಷ ಆಟ ಕಾಯುತ್ತದೆ.

"ಇದೇನು ನಿನ್ನ ಮ್ಯಾಲಿನ ಪ್ರೀತಿ ಅಲ್ಲ," ಎಂದೆ. "ಆಡೋ ಮಂದಿ ಆಟ ಬಿಟ್ಟು ಹೋಗಬಾರದು ಅಂತ ಕಂಪನಿಯವರು ಮಾಡ್ಯಾರ."

ಅವ್ವ ಹರಿದ ಎಳೆ ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಏನ್ರೀ ವಕೀಲ ಸಾಹೇಬ್ರ, ಕರೆಂಟ್ ಹೋತಂತ ನೇಯ್ದ ಸೀರಿ ಬಿಚ್ಚಿ ಒಗೀತೇವೇನು? ನಿಂತಲ್ಲಿಂದ ಚಾಲೂ ಮಾಡ್ತೇವಿ. ಇಷ್ಟು ದಿನ ಅವರಿಗೆ ಇದು ಯಾಕ ತಿಳೀಲಿಲ್ಲ, ಅದನ್ನ ಕೇಳು."

ನನ್ನ ವಾದಕ್ಕಿಂತ ಒಳ್ಳೆಯ ಪ್ರಶ್ನೆ. ವಾದ ಬಿಟ್ಟು ಎಳೆಯ ತುದಿ ಹಿಡಿದುಕೊಟ್ಟೆ. ಇದು ನನಗೆ ರೂಢಿಯಿಲ್ಲದ ಕೆಲಸ.

ಮರುದಿನ ನಾನೇ ಅಕ್ಕನನ್ನು ಒಂದು ಆಟಕ್ಕೆ ಒಪ್ಪಿಸಿದೆ. ಆಟ ಅರ್ಧಕ್ಕೆ ಬಂದಿತ್ತು, ಕರೆಂಟ್ ಹೋಯಿತು. ಅವ್ವನ ಕೈ ಮಗ್ಗದ ಸ್ವಿಚ್ಚಿಗೆ ಹೋಯಿತು, ಫ್ಯಾನಿಗೆ ಹೋಯಿತು, ಮೊಬೈಲಿಗೂ ಹೋಯಿತು. ಬಂದ್ ಮಾಡಿದ ಮೇಲೆ ಎಚ್ಚರವಾಯಿತು.

"ಅಯ್ಯ, ನನ್ನ ಕೈ ಮುರೀಲಿ! ಈಗ ಅಕಿ ಮತ್ತ ಬರೂದಿಲ್ಲ."

ನಾನು ಮೊಬೈಲ್ ಕಸಿದು ಆಟ ತೆರೆದೆ. ಕಾಯಿಗಳು ಇದ್ದಲ್ಲೇ ಇದ್ದವು. "ಎದುರಾಳಿ ನಿಮಗಾಗಿ ಕಾಯುತ್ತಿದ್ದಾರೆ" ಎಂದಿತ್ತು.

"ಬಂದಿ?" ಅಕ್ಕನ ದನಿ. "ಸಂಪರ್ಕ ಹೋಗೇತಿ, ಕಾಯ್ತೀರೋ ಗೆಲುವು ತಗೋತೀರೋ ಅಂತ ಕೇಳ್ತು. ಮೊದಲ ಹಿಂಗ ಕೇಳ್ತಿರಲಿಲ್ಲ. ಕರೆಂಟ್ ಹೋಗಿತ್ತೇನವ್ವಾ? ಪ್ರತಿ ಸಲ ಇದ ಆಗಿತ್ತೇನು?"

"ಹೂಂ ನನ್ನವ್ವಾ. ಸುಡಗಾಡ ಕೈ ನಂದು."

"ಹೋಗಲಿ, ಆಡು. ಲಗೂ ಆಡು, ಮುಂಜಾನಿಂದ ಬೆನ್ನು ಭಾಳ ನೋಯಾಕತ್ತೇತಿ."

"ಮತ್ತ ಮುಂಜಾನೆ ಫೋನಿನಾಗ ಛಲೋ ಅದೀನಿ ಅಂದಿ! ಎಡಮಗ್ಗಲಾ ಮಲಕೋ, ಕಾಲಿನ ನಡುವ ದಿಂಬ ಇಟ್ಕೋ. ಇವತ್ತ ಡಾಕ್ಟರಿಗೆ ಹೇಳ್ಸು," ಎನ್ನುತ್ತಲೇ ಅವ್ವ ದಾಳ ಒತ್ತಿದಳು. ಆರು ಬಿತ್ತು. ಅಕ್ಕನ ಕಾಯಿ ಹಾರಿತು, ಬೀಳಗಿಯಿಂದ ಚೀರು ಬಂತು.

ಆಟ ಮಾಡಿದವರ ಉದ್ದೇಶದ ಬಗ್ಗೆ ನನ್ನ ಸಂಶಯ ಹಾಗೇ ಇದೆ. ಅದನ್ನು ಆ ಅರ್ಧ ತಾಸು ಬದಿಗಿಟ್ಟು ಅವ್ವನ ಚಹಾ ಬಿಸಿ ಮಾಡಲು ಎದ್ದೆ.