ಒಂದು ಮೊಳ ಹೆಚ್ಚಾದ ಹಾಯಿ

ಹುಬ್ಬಳ್ಳಿಯಿಂದ ಹೊರಟ ರೈಲು ವಿಜಯಪುರ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಸ್ಟೇಷನ್ ರಸ್ತೆಯ ತಾಡಪತ್ರಿ ಅಂಗಡಿಯಿಂದ ಒಂದು ಹಾಯಿ ತೆಗೆದುಕೊಂಡು ಘೋಣಸಗಿಯ ಅಕ್ಕನ ಮನೆಗೆ ಒಯ್ಯುವುದಿತ್ತು. ಭಾವ, ನನ್ನ ಬಾಯಲ್ಲಿ ಮಾಮಾ, ನೌಕಾಪಡೆಯಲ್ಲಿದ್ದು ಬಂದು ದ್ರಾಕ್ಷಿ ತೋಟ ಹಚ್ಚಿದವರು. ಅವರ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಇನ್ನು ಹೆಚ್ಚು ಕಾಲ ಕಾಣಿಸದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಒಮ್ಮೆ ಹಾಯಿದೋಣಿ ನಡೆಸಬೇಕೆಂದು ಹಟ ಹಿಡಿದು ಬಡಿಗರಿಂದ ದೋಣಿ ಮಾಡಿಸಿಟ್ಟಿದ್ದರು. ಈ ವಯಸ್ಸಿನಲ್ಲಿ ಇದೆಂಥ ನೀರಿನ ಹುಚ್ಚು ಎಂದು ನನಗೆ ಸಿಟ್ಟೇ ಬಂದಿತ್ತು. ಈಜು ಬಾರದವನ ಸಿಟ್ಟು ಅದು.

ಅಂಗಡಿಯವರು ಹಾಯಿ ಮಡಚಿ ಕೊಡುತ್ತ ಹೆಮ್ಮೆಯಿಂದ ಹೇಳಿದರು: “ಅಳತಿಗಿಂತ ಎಲ್ಲಾ ಕಡೆ ಒಂದ ಮೊಳ ಹೆಚ್ಚ ಹಿಡದೇನ್ರಿ. ಒಣದ್ರಾಕ್ಷಿ ಶೆಡ್ಡಿನ ಪರದೆಗೆ ಹಂಗ ಹಿಡೀತೀವಿ. ಬಟ್ಟಿ ಕಡಿಮಿ ಬಿದ್ರ ಬೈತಾರ, ಹೆಚ್ಚಾದ್ರ ಯಾರ ಬೈತಾರ?”

ಲಾಭವೇ ಆಯಿತೆಂದು ನಾನೂ ನಕ್ಕೆ. ತಿಕೋಟಾ ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ದಾರಿಯುದ್ದಕ್ಕೂ ಒಣದ್ರಾಕ್ಷಿ ಶೆಡ್ಡುಗಳು. ಅವುಗಳ ಹಸಿರು ಪರದೆಗಳು ಗಾಳಿಗೆ ಪಟಪಟ ಬಡಿಯುತ್ತಿದ್ದವು.

ಅಕ್ಕ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ಭಾವ ಉಣ್ಣದೆ ಹಾಯಿ ಬಿಚ್ಚಿ ಅಂಚಿಗುಂಟ ಮೊಳ ಹಾಕುತ್ತ ಹೋದರು. ಅವರ ಮುಖ ಸಪ್ಪಗಾಯಿತು.

“ದೊಡ್ಡದಾತಲ್ಲೋ ಇದು.”

“ದೊಡ್ಡದಾದ್ರ ಜೋರ ಓಡತೈತಲ್ರಿ ಮಾಮಾ?” ಎಂದೆ.

“ಹಗುರ ಗಾಳಿಗೆ ಓಡತೈತಿ. ಗಾಳಿ ಬಿರುಸಾತಂದ್ರ ಅದ ಬಟ್ಟಿ ದೋಣಿನ್ನ ಮಗ್ಗಲಾ ಕೆಡವತೈತಿ. ಮಗ್ಗಲಾದ ದೋಣಿ ಮುಂದ ಹೋಗಂಗಿಲ್ಲ, ಚುಕ್ಕಾಣಿ ಮಾತ ಕೇಳಂಗಿಲ್ಲ.”

ಮರುದಿನ ನಸುಕಿನಲ್ಲಿ ದೋಣಿಯನ್ನು ಟೆಂಪೋಕ್ಕೆ ಏರಿಸಿ, ಬಬಲೇಶ್ವರದಲ್ಲಿ ಚಹಾ ಕುಡಿದು, ಜೈನಾಪುರದ ಆಚೆ ಕಾಲುವೆ ನೀರು ತುಂಬಿಸಿದ ಕೆರೆಗೆ ಹೋದೆವು. ತೇಲುವ ಜಾಕೀಟು ಹಾಕಿಕೊಂಡು, ದೇವರ ಮೇಲೆ ಭಾರ ಹಾಕಿ ನಾನು ಭಾವನ ಜೊತೆ ಹತ್ತಿದೆ. ಅಕ್ಕ ದಂಡೆಯಲ್ಲೇ ಕುಳಿತಳು.

ಮೊದಲು ಗಾಳಿ ಇದ್ದೂ ಇಲ್ಲದಂತಿತ್ತು. ಆದರೂ ಆ ದೊಡ್ಡ ಹಾಯಿ ಅಷ್ಟನ್ನೇ ಹಿಡಿದು ನಮ್ಮನ್ನು ಸದ್ದಿಲ್ಲದೆ ಎಳೆದೊಯ್ಯಿತು. ಭಾವನ ಅರಳಿದ ಮುಖ ನೋಡಿ ನನ್ನ ಸಿಟ್ಟು ಇಳಿಯಿತು. ಬಿಸಿಲು ಬಲಿಯುತ್ತಲೇ ಗಾಳಿ ಬಿರುಸಾಯಿತು. ದೋಣಿ ಒಂದೇ ಏಟಿಗೆ ವಾಲಿ ನೀರು ಒಳಗೆ ನುಗ್ಗಿತು. “ಯವ್ವಾ!” ಎಂದು ಕೂಗಿಬಿಟ್ಟೆ. ಭಾವ ಹಗ್ಗ ಸಡಿಲ ಬಿಟ್ಟು ಹಾಯಿ ಇಳಿಸಿದರು. ಹುಟ್ಟು ಹಾಕಿ ದಂಡೆ ಸೇರಿದೆವು.

“ಬಟ್ಟಿ ಕೆಳಗಿಂದ ಸುತ್ತಿ ಸಣ್ಣದ ಮಾಡಬೇಕು,” ಎಂದರು ಭಾವ. “ಗಾಳಿ ಬದಲಾದಂಗ ಸುತ್ತಬೇಕು, ಬಿಚ್ಚಬೇಕು. ಚುಕ್ಕಾಣಿ ಹಿಡದಾಂವಗ ಆಗೂ ಕೆಲಸಲ್ಲ. ನನಗ ಗಂಟ ಕಾಣಂಗಿಲ್ಲ. ಸಾಕು, ಮನೀಗೆ ಹೋಗೂಣು.”

ಅವರು ದೋಣಿಯೊಳಗಿನ ನೀರನ್ನು ಮೊಗೆದು ಚೆಲ್ಲತೊಡಗಿದರು. ಮತ್ತೆ ದೋಣಿ ಹತ್ತುವ ಧೈರ್ಯ ನನಗಿರಲಿಲ್ಲ.

ಅಕ್ಕ ಎದ್ದು ಸೆರಗು ಸಿಗಿಸಿದಳು. “ನಾ ಏನ್ ಸತ್ತೇನೇನ್ರಿ? ವರ್ಷ ವರ್ಷಾ ಶೆಡ್ಡಿನ ಪರದೆ ಸುತ್ತಾಕಿ ಯಾರು? ಲೇ ತಮ್ಮಾ, ಆ ಜಾಕೀಟ ತಗೀ.”

“ನಿನಗ ನೀರಂದ್ರ ಅಂಜಿಕಿ ಅಲ್ಲಬೇ ಅಕ್ಕಾ?”

“ಐತಿ. ಅಂಜಿಕೋತನ ಕುಂದರತೇನಿ.”

ಪರದೆಯನ್ನು ಕೊಳವೆಗೆ ಸುತ್ತುವ ಹಾಗೆಯೇ ಹಾಯಿಯನ್ನು ಅದರ ಕೆಳಂಚಿನ ಬಿದಿರಿಗೆ ಬಿಗಿಯಾಗಿ ಸುತ್ತಿ ಕಟ್ಟಿದಳು. ದೋಣಿ ಮತ್ತೆ ಹೊರಟಿತು. ಅದೇ ಬಿರುಸು ಗಾಳಿ. ಆದರೆ ಈಗ ದೋಣಿ ನೆಟ್ಟಗೆ, ಮೊದಲಿಗಿಂತ ಚುರುಕಾಗಿ ನೀರು ಸೀಳುತ್ತಿತ್ತು. ಅಕ್ಕ ಒಂದು ಕೈಯಲ್ಲಿ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ಗಾಳಿ ಇಳಿದಾಗ ಬಿಚ್ಚುವಳು, ಏರಿದಾಗ ಸುತ್ತುವಳು. ದಂಡೆಯಲ್ಲಿ ನಿಂತು ನಾನು ಕಣ್ಣೊರೆಸಿಕೊಂಡೆ.

ಹಿಂತಿರುಗಿ ದಂಡೆಯ ಹತ್ತಿರ ಬರುವಾಗ ಭಾವ ಚುಕ್ಕಾಣಿ ಹಿಡಿದು ಕಣ್ಣು ಪೂರ್ತಿ ಮುಚ್ಚಿಕೊಂಡಿದ್ದರು. ನಾನು ದಂಡೆಯಿಂದ ಕೂಗಿದೆ: “ಮಾಮಾ, ಕಣ್ಣ ತಗೀರಿ!”

ಅವರು ತೆರೆಯಲಿಲ್ಲ. ಗಾಳಿ ಬಂದ ಕಡೆಗೆ ಕೆನ್ನೆ ತಿರುಗಿಸಿ ಅಕ್ಕನಿಗೆ ಹೇಳಿದರು:

“ಬಟ್ಟಿ ನೀ ನೋಡ್ಕೋ. ಗಾಳಿ ನಾ ನೋಡ್ಕೋತೇನಿ.”