ಚಾಮರಾಜಪೇಟೆಯ ಉತ್ತರದ ಕಿಟಕಿ

ಧನುರ್ಮಾಸದ ಒಂದು ಬೆಳಿಗ್ಗೆ ಮಲ್ಲೇಶ್ವರದ ಮನೆಯಿಂದ ಚಾಮರಾಜಪೇಟೆಗೆ ಹೊರಟೆ. ಅಲ್ಲಿ ನನ್ನ ಗೆಳತಿ ವಿಮಲಾ ಒಬ್ಬಳೇ ಇದ್ದಾಳೆ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ನಾನು ಕನ್ನಡ, ಅವಳು ಭೂಗೋಳ. ಹಿಂದಿನ ದಿನ ಫೋನ್ ಮಾಡಿ, "ಕಿಟಕಿ ಬಿಸಿಲು ವಾಪಸ್ ಬರತ್ತೋ ಇಲ್ವೋ, ನೀನೇ ಬಂದು ನೋಡಿ ಹೇಳೇ," ಎಂದಿದ್ದಳು. ದನಿ ಸರಿಯಿರಲಿಲ್ಲ.

ನಮ್ಮ ಅಡ್ಡರಸ್ತೆಯಲ್ಲೂ ಬಿಸಿಲು ಪಕ್ಕ ಬದಲಿಸಿತ್ತು. ಜೂನ್‌ನಲ್ಲಿ ದಕ್ಷಿಣದ ಫುಟ್‌ಪಾತನ್ನು ಸುಡುತ್ತಿದ್ದದ್ದು ಈಗ ಎದುರು ಸಾಲಿನ ಕಾಂಪೌಂಡುಗಳ ಮೇಲೆ ಬಿದ್ದಿತ್ತು. ಹೋಟೆಲಿನ ಗಿರಾಕಿಗಳು ಕಾಫಿ ಲೋಟ ಹಿಡಿದು ರಸ್ತೆ ದಾಟಿ ನಿಂತಿದ್ದರು.

ಶ್ರೀರಾಂಪುರದಲ್ಲಿ ಮೆಟ್ರೋ ಹತ್ತಿ ಎಡಗಡೆ ಕೂತೆ. ಗಾಜಿನಿಂದ ಬಂದ ಓರೆ ಬಿಸಿಲು ಬೆನ್ನಿಗೆ ಹಿತವಾಗಿತ್ತು. ಮೆಜೆಸ್ಟಿಕ್ ಬರುವಷ್ಟರಲ್ಲಿ ರೈಲು ನೆಲದೊಳಗಿಳಿದು ಆ ಸುಖವೂ ಹೋಯಿತು. ಮಾರ್ಕೆಟ್ಟಿನಲ್ಲಿ ಮೇಲೆ ಬಂದಾಗ ಮೋಡ ಕಟ್ಟತೊಡಗಿತ್ತು. ಸೇವಂತಿಗೆ ಮೂಟೆಗಳ ನಡುವೆ ನುಸುಳಿ ಆಟೋ ಹಿಡಿದೆ. "ಎಂಬತ್ತು ಕೊಡಿ ಮೇಡಂ, ಫುಲ್ ಜಾಮ್," ಎಂದ. ಜಗಳಕ್ಕೆ ಮನಸ್ಸಿರಲಿಲ್ಲ, ಕೊಟ್ಟೆ.

ವಿಮಲಾಳ ಮನೆ ಮೊದಲ ಮಹಡಿಯಲ್ಲಿ. ಸಂಧಿವಾತದಿಂದ ಅವಳಿಗೆ ತಾರಸಿಯ ಮೆಟ್ಟಿಲು ಹತ್ತಲಾಗದು. ಬೆಳಗಿನ ಬಿಸಿಲು ಕಾಲಿಗೆ ಬೀಳುತ್ತದೆಂದೇ, ಜೂನ್‌ನಲ್ಲಿ ನೋಡಿದ ಈ ಮನೆಯನ್ನು, ಕೈಲಿದ್ದ ಹಣವನ್ನೆಲ್ಲ ಒಟ್ಟಿಗೆ ಕೊಟ್ಟು ಮೂರು ವರ್ಷದ ಲೀಸಿಗೆ ಹಿಡಿದಿದ್ದಳು. ಇರುವ ಒಂದೇ ಕಿಟಕಿ ಉತ್ತರಕ್ಕೆ. ಮಿಕ್ಕ ಗೋಡೆಗಳಿಗೆ ಪಕ್ಕದ ಕಟ್ಟಡಗಳು ಅಂಟಿಕೊಂಡಿವೆ. ದಸರಾ ಕಳೆದು ಸೂರ್ಯ ದಕ್ಷಿಣಕ್ಕೆ ಸರಿದ ಮೇಲೆ ಒಳಗೆ ಬಿಸಿಲಿನ ಸುಳಿವೇ ಇಲ್ಲ.

"ಉತ್ತರಾಯಣ, ದಕ್ಷಿಣಾಯನ ಅಂತ ಮಕ್ಕಳ ತಲೆ ತಿಂದೋಳು ನೀನು. ಮನೆ ನೋಡೋವಾಗ ಅದನ್ನೆಲ್ಲ ಎಲ್ಲಿಟ್ಟಿದ್ದೆ?" ಎಂದು ಕಿಚಾಯಿಸಿದೆ. ವಿಮಲಾ ನಗಲಿಲ್ಲ.

"ಅದೆಲ್ಲ ಬೋರ್ಡ್ ಮೇಲೆ ಬರೀತಿದ್ದೆ ಕಣೇ. ಇಲ್ಲಿ ಕಾಲಿಗೆ ಬಿಸಿಲು ತಾಗ್ತು, ಹೂಂ ಅಂದ್ಬಿಟ್ಟೆ. ಯುಗಾದಿ ಆದ್ಮೇಲೆ ಬರತ್ತಲ್ವಾ?"

"ಬರತ್ತೆ."

"ಮತ್ತೆ ಹೋಗತ್ತೆ."

ನನಗೆ ತುಂಬ ಸಂಕಟವಾಯಿತು. ಅವಳ ರಜಾಯಿ ಎತ್ತಿಕೊಂಡು ತಾರಸಿಗೆ ಹೋದೆ. ನೀರಿನ ಟ್ಯಾಂಕಿನ ಪಕ್ಕ ಒಂದಿಷ್ಟು ಬಿಸಿಲಿತ್ತು. ಅಲ್ಲಿ ಹರವಿ, ಎರಡೂ ಮಗ್ಗುಲು ಕಾಯಿಸಿ, ಸುತ್ತಿಕೊಂಡು ಬೇಗಬೇಗ ಇಳಿದು ಬಂದೆ. ಹೊದಿಸಿದಾಗ ವಿಮಲಾ ಅದರಲ್ಲಿ ಮುಖ ಹುದುಗಿಸಿ ಕೂತಳು. ಆಮೇಲೆ ಅವರೇಕಾಳು ಉಪ್ಪಿಟ್ಟು ತಿಂದೆವು. ತಟ್ಟೆ ಖಾಲಿಯಾಗುವಷ್ಟರಲ್ಲಿ ರಜಾಯಿ ತಣ್ಣಗಾಗಿತ್ತು.

"ಇನ್ನೊಂದ್ಸಲ ಕಾಯಿಸ್ಕೊಂಡು ಬರ್ತೀಯಾ?" ಎಂದಳು, ಸಂಕೋಚದಿಂದ.

ಮತ್ತೆ ಹತ್ತಿದೆ. ಮೋಡ ಪೂರ್ತಿ ಮುಚ್ಚಿತ್ತು. ಟ್ಯಾಂಕಿಗೆ ಒರಗಿ ತುಂಬ ಹೊತ್ತು ಕಾದೆ. ಕೊನೆಗೆ ಹಾಗೆಯೇ ತಂದು, ಏನೂ ಹೇಳದೆ ಅವಳ ಮಂಡಿಯ ಮೇಲೆ ಹೊದಿಸಿದೆ.

ವಿಮಲಾ ಅಂಚನ್ನು ಎದೆಯವರೆಗೂ ಎಳೆದುಕೊಂಡಳು. "ಬೆಚ್ಚಗಿದೆ ಕಣೇ. ನೀನು ಹೊರಡು, ಕತ್ತಲಾಗ್ಬಿಡತ್ತೆ," ಎಂದಳು.

ಆಗಿನ್ನೂ ಮಧ್ಯಾಹ್ನ ಎರಡು ಗಂಟೆ.