ಮಾವಶಿ ಶನಿವಾರ ಫೋನು ಎತ್ತಿದ್ದು

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ತೆಳು ಅವಲಕ್ಕಿಯ ಹೊಸ ಚೀಲ ಬಿಚ್ಚಿದೆ. ಅವಲಕ್ಕಿಗೆ ಎಂಥ ವಾಸನೆ ಎಂದು ನೀವು ಕೇಳಬಹುದು. ಇರುತ್ತದೆ. ಮುಖ ಹತ್ತಿರ ಒಯ್ದರೆ ಬೆಚ್ಚಗಿನ ಭತ್ತದ್ದು, ಸ್ವಲ್ಪ ಗೋಣಿಯದು, ಸ್ವಲ್ಪ ಬಿಸಿಲಿನದು. ಮಹಾರಾಷ್ಟ್ರದ ಗಡಿಯೂರು ನಿಲಂಗಾದ ಪೇಟೆಯಲ್ಲಿ ಕಿರಾಣಿ ಅಂಗಡಿಯ ಗಾದಿಯ ಮೇಲೆ ಕೂತೇ ತಲೆ ಬೆಳ್ಳಗೆ ಮಾಡಿಕೊಂಡ ನನಗೆ ಬೇರೆ ವಿದ್ಯೆ ಹತ್ತದಿದ್ದರೂ ಮೂಗಿನ ವಿದ್ಯೆ ಹತ್ತಿದೆ. ಚೀಲ ಬಿಚ್ಚುತ್ತಲೇ ಫ್ಲೋರಾ ಮಾವಶಿಯ ಮನೆಯ ಮಲೀದಾ ನೆನಪಾಯಿತು. ಅದರ ಬೆನ್ನಿಗೆ ಆ ಮಲೀದಾದ ಮೇಲೆ ನಮ್ಮ ಅವ್ವನೂ ಮಾವಶಿಯೂ ಆಡಿದ ಜಗಳ ನೆನಪಾಯಿತು. ಅದರ ಬೆನ್ನಿಗೆ ಒಂದು ಯುದ್ಧ. ಅವಲಕ್ಕಿಯಿಂದ ಯುದ್ಧಕ್ಕೆ ಹ್ಯಾಗೆ ಹೋದ ಈ ಮನುಷ್ಯ ಎಂದು ನಗಬೇಡಿ. ಗಿರಾಕಿ ಇಲ್ಲದ ಹೊತ್ತು, ಕೂಡ್ರಿ, ಹೇಳುತ್ತೇನೆ.

ಫ್ಲೋರಾ ಮಾವಶಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವರು. ಮಾವಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಓಣಿಗೆಲ್ಲ ಅವರು ಮಾವಶಿಯೇ. ಕೊಂಕಣದ ಕಡಲ ದಂಡೆಯ ಯೆಹೂದಿ ಮನೆತನ, ಮನೆಮಾತು ಮರಾಠಿ. ಹರೆಯದಲ್ಲಿ ನರ್ಸ್ ಆಗಿ ನಮ್ಮೂರಿನ ಆಸ್ಪತ್ರೆಗೆ ಬಂದವರು ಮೇಟ್ರನ್ ಆಗಿ ನಿವೃತ್ತರಾದರು, ಇಲ್ಲೇ ಉಳಿದರು. ಮದುವೆ ಯಾಕೆ ಆಗಲಿಲ್ಲ ಎಂದು ಅವ್ವ ಒಮ್ಮೆ ಕೇಳಿದ್ದಳು. “ಇಡೀ ವಾರ್ಡಿನ ಗಂಡಸರ ನಖರಾ ನೋಡೀನಿ, ಮನ್ಯಾಗ ಇನ್ನೊಂದ್ಯಾಕ?” ಅಂದಿದ್ದರಂತೆ. ಅವರು ಕನ್ನಡ ಕಲಿತದ್ದು ರೋಗಿಗಳಿಂದ. ಹೀಗಾಗಿ ಅದರಲ್ಲಿ ಅಪ್ಪಣೆಗಳೇ ಹೆಚ್ಚು. ಬಾಯಿ ತೆಗಿ, ನಾಲಗಿ ತೋರ್ಸು, ಮಗ್ಗಲಾಗು. ಓಣಿಯಲ್ಲಿ ಮಾವಶಿ ಕೂಗಿದರೆ ಇವತ್ತಿಗೂ ನಾನು ಮೊದಲು ನಾಲಗೆ ಹೊರಗೆ ಹಾಕುತ್ತೇನೋ ಏನೋ ಎಂಬ ಅಂಜಿಕೆ ನನಗಿದೆ.

ಅವರ ಬಾಗಿಲ ಚೌಕಟ್ಟಿಗೆ ಬೆರಳುದ್ದದ ಒಂದು ಹಿತ್ತಾಳೆಯ ಕೊಳವೆ ಬಡಿದಿದೆ. ಒಳಗೆ ಅವರ ಶಾಸ್ತ್ರದ ನಾಲ್ಕು ಸಾಲು ಬರೆದ ಸುರುಳಿ. ಬರುವಾಗ ಹೋಗುವಾಗ ಅದನ್ನು ಮುಟ್ಟಿ ಬೆರಳು ತುಟಿಗೆ ಒತ್ತಿಕೊಳ್ಳುತ್ತಾರೆ. ಅವ್ವ ಇದನ್ನು ಬಹಳ ದಿನ ನೋಡಿ, ಕೊರಳೊಳಗಿನ ತನ್ನ ಲಿಂಗದ ಕರಡಿಗೆ ಮುಟ್ಟಿಕೊಂಡು ತೀರ್ಮಾನ ಕೊಟ್ಟಳು. “ಅವರ ದೇವರು ಬಾಗಲಿಗೆ, ನಮ್ಮ ದೇವರು ಕೊರಳಿಗೆ. ಇಬ್ಬರೂ ಕಟಗೊಂಡೇ ಅಡ್ಡಾಡೋರು.” ಮಾವಶಿಯ ಹಿರಿಯರು ಕೊಂಕಣದಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರು, ಶನಿವಾರ ಗಾಣ ಬಿಡುತ್ತಿದ್ದರು, ಅದಕ್ಕೇ ಸುತ್ತಲಿನವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆಯುತ್ತಿದ್ದರು. ಇದು ತಿಳಿದ ಮೇಲಂತೂ ಅವ್ವ ಅವರನ್ನು ನಮ್ಮ ಗಾಣಿಗರ ಪೈಕಿಯೇ ಎಂದು ಹಿಡಿದಳು. ಬೇಡ ಅಂದರೂ ಬಿಡಲಿಲ್ಲ.

ಆಸ್ಪತ್ರೆಯಲ್ಲಿದ್ದಾಗ ಮಾವಶಿ ಶನಿವಾರವೂ ಡ್ಯೂಟಿ ಮಾಡಿದವರು. ನಿವೃತ್ತರಾದ ಮೇಲೆ ಶನಿವಾರವನ್ನು ಹಿಡಿದರು ನೋಡಿ, ಅಂಥ ಹಿಡಿತ ನಾನು ನೋಡಿಲ್ಲ. ಶುಕ್ರವಾರ ಹೊತ್ತು ಮುಳುಗುವ ಮೊದಲು ಗಾಜಿನ ಲೋಟದಲ್ಲಿ ಎಣ್ಣೆದೀಪ ಹಚ್ಚಿ, ಮೊಬೈಲನ್ನು ಟ್ರಂಕಿನಲ್ಲಿ ಹಾಕಿ ಕೀಲಿ ಜಡಿದರೆ ಮುಗಿಯಿತು. ಮರುದಿನ ಚುಕ್ಕೆ ಕಾಣುವವರೆಗೆ ಒಲೆಯಿಲ್ಲ, ಸೂಜಿಯಿಲ್ಲ, ರೊಕ್ಕ ಮುಟ್ಟುವಂತಿಲ್ಲ. ನಾನು ಏಳೂ ದಿನ ಅಂಗಡಿ ತೆಗೆಯುವುದನ್ನು ಕಂಡು, “ಕಾಯ್ ರೇ ಶೇಟ್, ನಿಮ್ಮ ದೇವರಿಗಿ ದಣಿವೇ ಆಗಂಗಿಲ್ಲೇನು?” ಎಂದು ಚುಚ್ಚುತ್ತಿದ್ದರು.

ಇನ್ನು ಮಲೀದಾದ ಜಗಳ. ಹರಕೆ ತೀರಿದರೆ, ದೂರದ ಪ್ರಯಾಣ ಸುಖವಾಗಿ ಮುಗಿದರೆ ಅವರಲ್ಲಿ ಅವಲಕ್ಕಿ, ಕೊಬ್ಬರಿ, ಸಿಹಿ, ಹಣ್ಣು ಕಲಸಿ ಪ್ರಾರ್ಥನೆ ಮಾಡಿ ಹಂಚುತ್ತಾರೆ. ಅದು ಮಲೀದಾ. ನಮ್ಮಲ್ಲಿ ಗೋಧಿಯ ದಪ್ಪ ರೊಟ್ಟಿ ಕುಟ್ಟಿ ಬೆಲ್ಲ ಬೆರೆಸಿ ಮಾಲ್ದಿ ಮಾಡುತ್ತೇವೆ. “ನೀವು ಹೆಸರು ಕದ್ದೀರಿ” ಎಂದು ಅವ್ವ, “ನೀವು ಅವಲಕ್ಕಿ ಮರ್ತೀರಿ” ಎಂದು ಮಾವಶಿ. ಎರಡನ್ನೂ ತಾಟುಗಟ್ಟಲೆ ತಿಂದ ನಾನು ನ್ಯಾಯಾಧೀಶ. ತೀರ್ಪು ಕೊಡದೆ ಮುಂದೂಡುವುದರಲ್ಲಿ ನನ್ನ ಹಿತ ಇತ್ತೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಹೀಗೆ ನಡೆದಿದ್ದಾಗ ಉಕ್ರೇನಿನಲ್ಲಿ ಯುದ್ಧ ಸುರುವಾಯಿತು. ಉಕ್ರೇನಿಗೂ ನಿಲಂಗಾಕ್ಕೂ ಏನು ಸಂಬಂಧ? ಸಂಬಂಧ ಇತ್ತು. ಉದಗೀರದಲ್ಲಿ ಬೇಳೆ ಮಿಲ್ಲು ಇಟ್ಟಿರುವ ನನ್ನ ತಮ್ಮ ಶಿವರಾಜನ ಮಗಳು ಅಕ್ಷತಾ ಅಲ್ಲಿ ಡಾಕ್ಟರಿ ಓದುತ್ತಿದ್ದಳು. ಬಾಂಬು ಬೀಳತೊಡಗಿದ ಮೇಲೆ ಹುಡುಗಿ ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಕೂತಿದ್ದಳು. ಅಲ್ಲಿಂದ ಫೋನಿನಲ್ಲಿ ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು. ಜೊತೆಗಿದ್ದ ಗೆಳತಿಯರು ಸಿಕ್ಕ ರೈಲು ಹತ್ತಿ ಹೋಗಿದ್ದರು. ಜ್ವರ ಬಂದು ಮಲಗಿದ್ದ ಇವಳು ಹಿಂದೆ ಉಳಿದಿದ್ದಳು. ಶನಿವಾರ ಬೆಳಿಗ್ಗೆ ಶಿವರಾಜ ಉದಗೀರದಿಂದ ಗಾಡಿ ಹೊಡೆದುಕೊಂಡು ಬಂದ. ನಮ್ಮ ಪಡಸಾಲೆಯಲ್ಲಿ ಕೂತವನು ಕೊಟ್ಟ ನೀರಿನ ತಂಬಿಗೆ ಕೈಯಲ್ಲಿ ಹಿಡಿದೇ ಇದ್ದ, ಕುಡಿಯಲಿಲ್ಲ.

ನಾನು ಊರಿನಲ್ಲಿ ನಾಲ್ಕು ಮಂದಿಗೆ ಬೇಕಾದವನು ಎಂದು ತಿಳಿದಿದ್ದೆ. ಪುಢಾರಿಗಳಿಗೆ ಫೋನು ಹಚ್ಚಿದೆ. ಎಲ್ಲರೂ “ನೋಡೋಣ, ನೋಡೋಣ” ಅಂದರು. ನೋಡುವುದನ್ನು ನಾವೂ ಟಿವಿಯಲ್ಲಿ ಮಾಡುತ್ತಲೇ ಇದ್ದೆವು. ಕಡೆಗೆ ಅವ್ವ ಗುಡುಗಿದಳು.

“ಫ್ಲೋರಾಬಾಯಿಗಿ ಹೋಗಿ ಹೇಳು. ಅವರ ಮಂದಿ ಎಲ್ಲಾ ದೇಶದಾಗೂ ಇರ್ತಾರಂತ.”

“ಇವತ್ತು ಶನಿವಾರ ಅವ್ವಾ. ಅವರು ಫೋನ್ ಮುಟ್ಟಂಗಿಲ್ಲ.”

“ನೀ ಹೋಗಂದ್ರ ಹೋಗು.”

ಹೋದೆ. ಮಾವಶಿ ಕಿಟಕಿಯ ಹತ್ತಿರ ಪುಸ್ತಕ ಹಿಡಿದು ಕೂತಿದ್ದರು. ನಾನು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದರು. ಮೇಲೆದ್ದು ಟ್ರಂಕಿನ ಕೀಲಿ ತೆಗೆದು, ಬಟ್ಟೆಯ ಅಡಿಯಿಂದ ಮೊಬೈಲು ಎಳೆದರು.

“ಮಾವಶೀ, ಶನಿವಾರ...” ಅಂದೆ.

“ಜೀವದ ಮಾತದ. ಜೀವ ಉಳಸೂದಿದ್ರ ಶನಿವಾರ ಬಾಜೂಕ ಸರದು ನಿಲ್ತದ. ಹಂಗಂತ ದೇವರೇ ಹೇಳ್ಯಾನ. ನೀ ನನಗ ಶಾಸ್ತ್ರ ಹೇಳಬ್ಯಾಡ, ಪೋರಿ ನಂಬರ ಹೇಳು.”

ಅವರ ಅಕ್ಕನ ಮಗ ಮುಂಬಯಿ ಬದಿಯ ಠಾಣೆ ಎಂಬ ಊರಿನಲ್ಲಿದ್ದ. ಅಲ್ಲಿಯ ಯೆಹೂದಿಗಳು ಆಗಲೇ ಉಕ್ರೇನಿನ ಸಾಮಾನ್ಯ ಜನರಿಗಾಗಿ ನಿಧಿ ಕೂಡಿಸತೊಡಗಿದ್ದರು. ಶನಿವಾರ ಮಾವಶಿಯ ಫೋನು ಬಂದದ್ದು ಕಂಡು ಅವನು ಮಾವಶಿಯೇ ತೀರಿಕೊಂಡರೆಂದು ಗಾಬರಿಯಾದನಂತೆ. ಅವನು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಹಚ್ಚಿ, ಸುದ್ದಿ ಬಂದದ್ದು ಇಷ್ಟು: ಅಕ್ಷತಾ ಇದ್ದ ಊರಿನ ಪ್ರಾರ್ಥನಾ ಮಂದಿರದಲ್ಲಿ ಅಲ್ಲಿಯ ಯೆಹೂದಿಗಳು ಅಡುಗೆಮನೆ ತೆರೆದಿದ್ದಾರೆ, ಮುದುಕರು, ರೋಗಿಗಳು, ಮಕ್ಕಳನ್ನು ಬಸ್ಸಿನಲ್ಲಿ ಗಡಿ ದಾಟಿಸುತ್ತಿದ್ದಾರೆ, ಹುಡುಗಿ ಅಲ್ಲಿಗೆ ಮುಟ್ಟಬೇಕು.

ಆಗ ನನ್ನ ತಲೆಗೆ ಬಂದದ್ದು ನೋಡಿ. “ನಾವು ಅವರವರಲ್ಲಲ್ರೀ ಮಾವಶೀ. ಕೂಡಿಸ್ಕೊಂತಾರೇನು?”

ಮಾವಶಿ ಚಷ್ಮಾ ಇಳಿಸಿ ನೋಡಿದರು. “ನಿಮ್ಮವ್ವಗ ಇಷ್ಟು ವರ್ಷ ಸೂಜಿ ಚುಚ್ಚೀನಿ. ಯಾವ ಮಠದವರು ಅಂತ ಕೇಳಿ ಚುಚ್ಚೀನೇನು?”

ಹಾಗೆ ಅಂದರೂ ಅವರಿಗೂ ಒಳಗೆ ಅಳುಕು ಇದ್ದಿರಬೇಕು. ಅಕ್ಷತಾಳಿಗೆ ತಾವೇ ಫೋನು ಮಾಡಿ ತಮ್ಮ ಪ್ರಾರ್ಥನೆಯ ಮೊದಲ ಎರಡು ಶಬ್ದ ಬಾಯಿಪಾಠ ಮಾಡಿಸಿದರು. ಬಾಗಿಲಲ್ಲಿ ಯಾರಾದರೂ ತಡೆದರೆ ಇದನ್ನು ಹೇಳು, ನಮ್ಮವಳೆಂದು ತಿಳಿದು ಒಳಗೆ ಬಿಡುತ್ತಾರೆ ಎಂದರು. ವಚನ ಹೇಳಿ ಬೆಳೆದ ಹುಡುಗಿ, ಜ್ವರದ ದನಿಯಲ್ಲಿ, ನೆಲಮಾಳಿಗೆಯಿಂದ ಅದನ್ನು ಹೇಳಿ ಒಪ್ಪಿಸುತ್ತಿದ್ದಳು. “ಹಂಗಲ್ಲ, ಗಂಟಲದಿಂದ ಬರಬೇಕು” ಎಂದು ಇವರು ತಿದ್ದುತ್ತಿದ್ದರು. ಯುದ್ಧ ಒಂದು ಕ್ಷಣ ನಿಂತು ಕಾದಿರಬೇಕು, ಇವರ ಉಚ್ಚಾರ ಮುಗಿಯಲಿ ಎಂದು.

ಆಮೇಲೆ ಅಕ್ಷತಾಳ ಫೋನು ಹತ್ತಲಿಲ್ಲ.

ಆ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಮನೆಯಲ್ಲಿ ಯಾರೂ ಯಾರ ಮುಖ ನೋಡುತ್ತಿರಲಿಲ್ಲ. ಮಾವಶಿ ಒಂದು ದಿನ ಬಂದು ಟಿವಿ ಬಂದ್ ಮಾಡಿದರು. “ಕುಂತು ನೋಡಿದ್ರ ಬಾಂಬ್ ನಿಲ್ಲಂಗಿಲ್ಲ. ನಮ್ಮ ಪೋರಿ ಒಬ್ಬಾಕಿ ಅಲ್ಲ ಅಲ್ಲಿ. ಮುದುಕರು ಥಂಡ್ಯಾಗ ಸಾಯ್ಲಿಕತ್ತಾರ. ಠಾಣೆದಾಗ ನಮ್ಮವರು ಬಜಾರ ಇಡ್ತಾರ, ಮಾರಿದ ರೊಕ್ಕ ಎಲ್ಲಾ ಅವರಿಗಿ ಹೋಗ್ತದ. ನಾವೂ ಏನರೆ ಮಾಡಿ ಒಯ್ಯಮು.”

ನನಗೆ ಹುರುಪು ಬಂತು. ಬಜಾರ ಯಾಕೆ, ಕಡಕ್ ರೊಟ್ಟಿ, ಶೇಂಗಾ ಹಿಂಡಿ ನೇರ ಯುದ್ಧಭೂಮಿಗೇ ಕಳಿಸೋಣ, ತಿಂಗಳಾದರೂ ಕೆಡುವುದಿಲ್ಲ ಎಂದು ಭಾಷಣ ಮಾಡಿದೆ. ಮಾವಶಿ ಶಾಂತವಾಗಿ ಕೇಳಿದರು. “ಹಲ್ಲಿಲ್ಲದ ಮುದುಕರಿಗಿ ನಿಮ್ಮ ಕಡಕ್ ರೊಟ್ಟಿ? ಒಂದು ದುಶ್ಮನ ಅವರಿಗಿ ಸಾಕು, ಶೇಟ್.”

ಕಡೆಗೆ ನಿಂತದ್ದು ಕೌದಿಗಳ ಮೇಲೆ. ಉಮರ್ಗಾದಲ್ಲಿ ಬಟ್ಟೆ ಅಂಗಡಿ ಇರುವ ನಮ್ಮ ಭಾವ ತುಂಡು ಬಟ್ಟೆಗಳ ಗಂಟು ಕಳಿಸಿದರು. ಓಣಿಯ ಹೆಂಗಸರು ಹಳೆಯ ಸೀರೆ ತಂದರು. ನಮ್ಮ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಬಟ್ಟೆ ಹಾಸಿ ಸುತ್ತ ಕೂತು ಹೊಲಿದರು. ನಡುವೆ ಮಾವಶಿ, ಗಾಯಕ್ಕೆ ಟಾಕಿ ಹಾಕಿದ ಕೈ, ಒಂದೊಂದು ಹೊಲಿಗೆಯೂ ಅಳೆದಿಟ್ಟಂತೆ. ಎದುರು ಅವ್ವ, ಮಾವಶಿಗಿಂತ ಸಣ್ಣ ಹೊಲಿಗೆ ಹಾಕುವ ಹಟದಲ್ಲಿ. ಕೂತು ಕೆಡುವುದಕ್ಕಿಂತ ಎಂದು ಶಿವರಾಜನೂ ಬಂದು ದಾರ ಪೋಣಿಸಿ ಕೊಡುತ್ತಿದ್ದ. ನಾನೂ ಒಂದು ಮೂಲೆ ಹಿಡಿದು ಹೊಲಿದೆ. ಎದ್ದು ನಿಂತಾಗ ಕೌದಿಯೂ ನನ್ನ ಜೊತೆ ಎದ್ದಿತು. ಧೋತರವನ್ನೂ ಸೇರಿಸಿ ಹೊಲಿದಿದ್ದೆ. ಆ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ನಗೆ ಕೇಳಿದ್ದು ಆಗ. ಶಿವರಾಜ ನಗುತ್ತ ನಗುತ್ತ ಅತ್ತುಬಿಟ್ಟ. ಮಾವಶಿ ಕತ್ತರಿ ತಂದು ನನ್ನನ್ನು ಬಿಡಿಸಿದರು. ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ಕೂತರು.

ಅಕ್ಷತಾಳ ಫೋನು ಬಂದದ್ದು ಹೊಲಿಗೆಯ ನಡುವೆಯೇ. ಗಡಿ ದಾಟಿದ್ದಳು. ಮಾಲ್ಡೋವಾ ಎಂಬ ದೇಶದಲ್ಲಿ ಇದ್ದಳು. “ಮಾಲ್ದಿ ಊರಿಗಿ ಮುಟ್ಯಾಳ!” ಎಂದು ಅವ್ವ ಓಣಿಗೆಲ್ಲ ಕೇಳುವಂತೆ ಕೂಗಿದಳು. ಫೋನು ಕೈಯಿಂದ ಕೈಗೆ ಹೋಗಿ ಮಾವಶಿಗೆ ಬಂತು.

“ಬಾಗಲದಾಗ ಹೇಳಿದೇನು, ನಾ ಕಲಿಸಿದ್ದು?”

“ಯಾರೂ ಕೇಳ್ಲೇ ಇಲ್ಲ ಆಜಿ. ಒಬ್ಬಾಕಿ ಬಾಗಲ ತೆಗದು ನನ್ನ ಮಾರಿ ನೋಡಿದ್ಳು. ಕೈ ಬಾಯಿಗಿ ಹಚ್ಚಿ ತೋರ್ಸಿದ್ಳು, ಉಂಡೀಯೇನು ಅಂತ. ಇಲ್ಲ ಅಂದೆ. ಕೈ ಹಿಡದು ಒಳಗ ಕರಕೊಂಡು ಹೋದ್ಳು. ಅಷ್ಟೇ.”

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಒಬ್ಬ ಅಜ್ಜಿಗೆ ಸಕ್ಕರೆ ಇಳಿದು ಕಣ್ಣು ಮೇಲಾದಾಗ, ಅರ್ಧ ಕಲಿತ ನಮ್ಮ ಡಾಕ್ಟರಮ್ಮನೇ ಬಾಯಿಗೆ ಸಕ್ಕರೆ ನೀರು ಹಾಕಿ ಉಳಿಸಿಕೊಂಡಿದ್ದಳು. ಆ ಅಜ್ಜಿ ಗಡಿಯವರೆಗೂ ಇವಳ ಕೈ ಬಿಡಲಿಲ್ಲವಂತೆ. ತನ್ನ ಬುತ್ತಿ ಬಿಚ್ಚಿ ಇವಳಿಗೆ ತಿನ್ನಿಸಿದಳಂತೆ.

“ಬುತ್ಯಾಗ ಏನಿತ್ತು?” ಎಂದು ಅವ್ವ ನಡುವೆ ಬಾಯಿ ಹಾಕಿದಳು.

“ಅದೊಂದು ಕೇಳಬ್ಯಾಡ ಆಯಿ.”

ಜನ್ಮವಿಡೀ ಉಳ್ಳಾಗಡ್ಡಿ ಹೆಚ್ಚಿದ ಚಾಕೂ ಬೇರೆ ಇಟ್ಟ ಅವ್ವ ಕೊರಳ ಕರಡಿಗೆ ಮುಟ್ಟಿಕೊಂಡಳು. “ಹಸದಾಗ ಕೊಟ್ಟಿದ್ದು ಪ್ರಸಾದ” ಅಂದಳು. ಆಮೇಲೆ ಆ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮಾವಶಿ ಮಾತ್ರ ಮುಖ ಊದಿಸಿಕೊಂಡು ಎದ್ದರು. “ಅಷ್ಟು ಗಂಟಲ ಹರಕೊಂಡು ಕಲಿಸಿದ್ದು ದಂಡ ಆಯ್ತು.” ಬಯ್ಯುತ್ತಲೇ ತಮ್ಮ ಮನೆಗೆ ಹೋದರು. ಚಪ್ಪಲಿ ಇಲ್ಲೇ ಬಿಟ್ಟು ಹೋಗಿದ್ದರು. ಕೊಡಲು ಹೋದೆ. ಬಾಗಿಲ ಚೌಕಟ್ಟಿನ ಆ ಕೊಳವೆಗೆ ಹಣೆ ಹಚ್ಚಿ ನಿಂತಿದ್ದರು, ಹೆಗಲು ಅಲುಗುತ್ತಿತ್ತು. ಚಪ್ಪಲಿ ಮೆಟ್ಟಿಲ ಮೇಲಿಟ್ಟು ಹಿಂದಕ್ಕೆ ಬಂದೆ.

ಹುಡುಗಿ ಸಿಕ್ಕಳೆಂದು ಹೊಲಿಗೆ ನಿಲ್ಲಲಿಲ್ಲ, ಇನ್ನೂ ಜೋರಾಯಿತು. ಕೌದಿ, ಹಿಂಡಿ ಎಲ್ಲ ಕಟ್ಟಿಕೊಂಡು ಮಾವಶಿಯ ಜೊತೆ ನಾನೇ ಠಾಣೆಗೆ ಹೋದೆ. ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಬೆಳ್ಳಗಿನ ಸಾಹೇಬರು ಇರುತ್ತಾರೆಂದು ಇಸ್ತ್ರಿ ಅಂಗಿ ಹಾಕಿಕೊಂಡು, ಕಲಿತಷ್ಟು ಇಂಗ್ಲಿಷು ಒರೆಸಿ ಇಟ್ಟುಕೊಂಡಿದ್ದೆ. ನೋಡಿದರೆ ಎಲ್ಲರೂ ನಮ್ಮ ಹಾಗೆಯೇ, ಸೀರೆ ಉಟ್ಟವರು, ದೇವರ ಮುಂದೆ ಬರಿದಲೆ ಇರಬಾರದೆಂದು ಟೊಪ್ಪಿಗೆ ಇಟ್ಟವರು, ಮರಾಠಿ ಆಡುವವರು, ಚೌಕಾಸಿ ಮಾಡುವವರು. ಚೌಕಾಸಿ ಎಂದರೆ ನನಗೆ ತವರುಮನೆ. ಸಂತೆಯ ಹಾಗೆ ಕೂಗಿ ಮಾರಿದೆ. ಹಿಂಡಿಯ ರುಚಿ ನೋಡಿದ ಒಬ್ಬ ಹಿರಿಯರು ಕೆಮ್ಮಿ, ನೀರು ಕುಡಿದು, ಕಣ್ಣೊರೆಸಿ, “ಆಣಖೀ ದ್ಯಾ” ಅಂದರು. ಇನ್ನಷ್ಟು ಕೊಡಿ ಅಂತ. ನನ್ನ ಸೊಟ್ಟ ಕೌದಿಯೊಂದು ಉಳಿದಿತ್ತು. ಮಾವಶಿ ಅದನ್ನು ಎತ್ತಿ ಹಿಡಿದು, ಇದರಲ್ಲಿ ಒಬ್ಬ ಶೇಟಜಿಯ ಧೋತರದ ತುಂಡೂ ಸೇರಿದೆ ಎಂದು ಇಡೀ ಅಂಗಳಕ್ಕೆ ಕತೆ ಹೇಳಿದರು. ಎಲ್ಲಕ್ಕಿಂತ ಹೆಚ್ಚಿನ ಬೆಲೆಗೆ ಹೋದದ್ದು ಅದೇ. ನನ್ನ ಮಾನಕ್ಕೆ ಅಷ್ಟು ಬೆಲೆ ಬಂದದ್ದು ಮೊದಲ ಸಲ.

ಅಕ್ಷತಾ ಮನೆಗೆ ಬಂದ ಮೇಲೆ ಮಾವಶಿ ಮಲೀದಾ ಮಾಡಿದರು, ಅವ್ವ ಮಾಲ್ದಿ ಮಾಡಿದಳು, ಜಗಳ ಮೊದಲಿಂದ ಸುರುವಾಯಿತು. ಹುಡುಗಿ ಬೇರೆ ಕಡೆ ಓದು ಮುಗಿಸಿ ಈಗ ಉದಗೀರದಲ್ಲಿ ಡಾಕ್ಟರು.

ಮಾವಶಿಗೆ ಈಗ ಮೊಣಕಾಲು ಆಗುವುದಿಲ್ಲ. ಅಕ್ಕನ ಮಗ ಠಾಣೆಗೆ ಬಂದುಬಿಡು ಎಂದು ಬೆನ್ನು ಹತ್ತಿದ್ದಾನೆ. ಹೋದ ವಾರ ಅವರ ಮನೆಗೆ ಹೋದಾಗ ಅದೇ ಮಾತು ಬಂತು.

“ಹೋಗ್ಲಿಕ್ಕ ಮನಸಿಲ್ಲ ಶೇಟ್. ಆದ್ರ ಒಂದು ಅಡಚಣಿ ಅದ. ನಾ ಕಣ್ಣು ಮುಚ್ಚಿದ ದಿನ ಪ್ರಾರ್ಥನಾ ಹೇಳ್ಲಿಕ್ಕ ನಮ್ಮ ಹತ್ತು ಮಂದಿ ಗಂಡಸರು ನಿಲ್ಲಬೇಕು. ನಿಲಂಗಾದಾಗ ಎಲ್ಲಿಂದ ತರ್ಲಿ?”

“ಓಣ್ಯಾಗ ನಾವು ಇದ್ದೀವಲ್ರೀ.”

ಥರ್ಮಾಮೀಟರ್ ನೋಡುವ ಹಾಗೆ ನನ್ನನ್ನು ನೋಡಿದರು. “ನೀವು ಲೆಕ್ಕಕ್ಕ ಬರಂಗಿಲ್ಲ ರೇ ಬಾಬಾ.”

“ಲೆಕ್ಕಕ್ಕ ಹಿಡೀಬ್ಯಾಡ್ರಿ ಮಾವಶೀ. ಬರೂದು ಬರ್ತೀವಿ.”

ಮಾವಶಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಹೊರಗೆ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ಅದು ಓಣಿ ದಾಟಿದ ಮೇಲೆ ತಮ್ಮ ಮೇಟ್ರನ್ ದನಿಯಲ್ಲಿ ಅಂದರು:

“ಟೊಪ್ಪಿಗಿ ಹಾಕ್ಕೊಂಡು ಬರ್ರಿ ಎಲ್ಲರೂ. ಬರೇ ತಲಿಲೇ ನಿಂತ್ರ ಎದ್ದು ಬೈತೀನಿ.”